ಅಳೆದು ಬಡಿಸುವ ಮನೆ

(ಫೆಬ್ರವರಿಯ ಕೊನೆಯ ದಿನ ಆಚರಿಸುವ ಅಪರೂಪದ ಕಾಯಿಲೆಗಳ ದಿನದ ಅಂಗವಾಗಿ ಶಿವಮೊಗ್ಗದಲ್ಲಿ ಪೋಷಕರು, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ.)

ಸಭೆಯಲ್ಲಿರುವ ತಾಯಂದಿರಿಗೂ ಹಿರಿಯರಿಗೂ ನಮಸ್ಕಾರ. ನಾನು ವೈದ್ಯನಲ್ಲ, ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಈಗ ಅಡಿಕೆ ತೋಟದ ಮೇಲ್ವಿಚಾರಣೆ ಮತ್ತು ಇಬ್ಬರು ಮೊಮ್ಮಕ್ಕಳ ಊಟದ ಲೆಕ್ಕ, ಇವೆರಡೇ ನನ್ನ ಉದ್ಯೋಗ. ಊಟದ ಲೆಕ್ಕ ಎಂದದ್ದು ಮಾತಿನ ಚಮತ್ಕಾರಕ್ಕಲ್ಲ. ಆ ಇಬ್ಬರು ಮಕ್ಕಳಿಗೂ ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆಯಿದೆ. ವೈದ್ಯರು ಅದನ್ನು ಚಿಕ್ಕದಾಗಿ ಪಿ.ಕೆ.ಯು. ಎನ್ನುತ್ತಾರೆ, ನಾನೂ ಹಾಗೆಯೇ ಹೇಳುತ್ತೇನೆ. ಸಂಘಟಕರು ನನಗೆ ಕೊಟ್ಟಿರುವ ವಿಷಯ, ಅಪರೂಪದ ಕಾಯಿಲೆಯ ಮಗುವಿರುವ ಮನೆಯಲ್ಲಿ ಭರವಸೆ ಎಂಬುದು. ಭರವಸೆಯೊಂದನ್ನೇ ಬಿಡಿಯಾಗಿ ಎತ್ತಿಕೊಂಡು ಮಾತನಾಡುವುದು ನನಗೆ ತಿಳಿಯದು. ಕಾಯಿಲೆಯ ಬಗ್ಗೆ, ನಮ್ಮ ಅಡುಗೆಮನೆಯ ಬಗ್ಗೆ, ಈ ಕಾಯಿಲೆಗೆ ದಾರಿ ಹುಡುಕಿದ ಕೆಲವು ಹೊರದೇಶದ ಮನೆಗಳ ಬಗ್ಗೆ ಹೇಳುತ್ತೇನೆ. ಅದರಲ್ಲಿ ಭರವಸೆ ಎಲ್ಲಿದೆಯೋ ಅಲ್ಲಿ ನಿಮಗೇ ಕಾಣುತ್ತದೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ನಿಮ್ಮ ಮುಂದೆ ಇಡಬೇಕು. ಮೊಮ್ಮಗನಿಗೆ ಈಗ ಹನ್ನೊಂದು ವರ್ಷ, ಮೊಮ್ಮಗಳಿಗೆ ಆರು. ಇಬ್ಬರೂ ಒಂದೇ ತಂದೆತಾಯಿಯ ಮಕ್ಕಳು, ಇಬ್ಬರ ದೇಹದಲ್ಲೂ ಇರುವುದು ಒಂದೇ ದೋಷ. ಹುಡುಗ ಹತ್ತಾರು ಮಾತುಗಳನ್ನಷ್ಟೇ ಆಡುತ್ತಾನೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಇಂದಿಗೂ ಯಾರಾದರೂ ನೆರವಾಗಬೇಕು. ಹುಡುಗಿ ಒಂದನೆಯ ತರಗತಿಯಲ್ಲಿ ಓದುತ್ತಾಳೆ, ಮಗ್ಗಿ ಹೇಳುತ್ತಾಳೆ, ಅಣ್ಣನ ಮೇಲೆ ದೂರನ್ನೂ ಹೇಳುತ್ತಾಳೆ. ಈ ಅಂತರಕ್ಕೆ ಕಾರಣ ಒಂದೇ: ಹುಡುಗನ ಕಾಯಿಲೆ ಪತ್ತೆಯಾದದ್ದು ಅವನಿಗೆ ಮೂರು ವರ್ಷ ತುಂಬಿದ ಮೇಲೆ, ಹುಡುಗಿಯದು ಹುಟ್ಟಿದ ಮೊದಲ ವಾರದಲ್ಲಿ. ನಾನು ಇಲ್ಲಿ ಹೇಳುವ ಎಲ್ಲ ಮಾತೂ ಈ ಒಂದು ಸಂಗತಿಯ ಸುತ್ತಲೇ ಇದೆ.

ಕಾಯಿಲೆಯ ಬಗೆಯನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ಪಾಠ ಮಾಡಲು ಅಪ್ಪಣೆ ಕೊಡಿ. ನಾವು ತಿನ್ನುವ ಬೇಳೆ, ಹಾಲು, ಅಕ್ಕಿ, ರಾಗಿ ಎಲ್ಲದರಲ್ಲೂ ಪ್ರೋಟೀನ್ ಇದೆ. ಪ್ರೋಟೀನ್ ಆಗಿರುವುದು ಅಮೈನೊ ಆಮ್ಲಗಳಿಂದ. ಅವುಗಳಲ್ಲಿ ಒಂದರ ಹೆಸರು ಫೀನೈಲಲನೀನ್. ದೇಹ ತನಗೆ ಬೇಕಾದಷ್ಟು ಫೀನೈಲಲನೀನನ್ನು ಬಳಸಿಕೊಂಡು, ಉಳಿದದ್ದನ್ನು ಯಕೃತ್ತಿನಲ್ಲಿರುವ ಒಂದು ಕಿಣ್ವದ ಮೂಲಕ ಟೈರೋಸಿನ್ ಎಂಬ ಇನ್ನೊಂದು ಅಮೈನೊ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಕಿಣ್ವವನ್ನು ತಯಾರಿಸುವ ವಂಶವಾಹಿ 12ನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಬಂದ ಪ್ರತಿ ಮತ್ತು ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಆಗ ಆಗುವುದು, ಗದ್ದೆಗೆ ನೀರು ಹರಿಸುವ ಕಾಲುವೆಯ ತೂಬು ಮುಚ್ಚಿಹೋದಾಗ ಆಗುವಂಥದ್ದೇ: ಮೇಲಿನ ಗದ್ದೆ ಕೊಳೆಯುತ್ತದೆ, ಕೆಳಗಿನದು ಒಣಗುತ್ತದೆ. ಮೇಲೆ ನಿಂತ ಫೀನೈಲಲನೀನ್ ರಕ್ತದಲ್ಲಿ ಏರುತ್ತಾ ಹೋಗಿ, ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ; ಕೆಳಗೆ ಟೈರೋಸಿನ್ ಸಾಲದೆ, ಅದರಿಂದ ಆಗಬೇಕಾದ ಮೆಲನಿನ್ ಎಂಬ ಬಣ್ಣದ ವಸ್ತುವೂ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿರುವಾಗ ತಾಯಿಯ ದೇಹವೇ ಮಗುವಿನ ರಕ್ತವನ್ನು ಸರಿಯಾಗಿ ಇಟ್ಟಿರುತ್ತದೆ. ಹೀಗಾಗಿ ಹುಟ್ಟಿದ ದಿನ ಮಗು ಎಲ್ಲ ಮಕ್ಕಳಂತೆಯೇ ಇರುತ್ತದೆ. ಹಾಲು ಕುಡಿಯಲು ಆರಂಭಿಸಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಏರತೊಡಗುತ್ತದೆ. ಅಮೆರಿಕ, ಯುರೋಪಿನ ಬಹಳಷ್ಟು ಕಡೆ ಹತ್ತರಿಂದ ಹದಿನೈದು ಸಾವಿರ ಹೆರಿಗೆಗೆ ಒಂದರಂತೆ ಇಂಥ ಮಕ್ಕಳು ಹುಟ್ಟುತ್ತಾರೆ.

ಮೆಲನಿನ್ ಕಡಿಮೆಯಾಗುತ್ತದೆ ಎಂದೆನಲ್ಲ, ನಮ್ಮ ಮನೆಯಲ್ಲಿ ಅದರ ಫಲ ವಿಚಿತ್ರವಾಗಿತ್ತು. ಮೊಮ್ಮಗ ಬಹಳ ಬೆಳ್ಳಗಿದ್ದ, ಕೂದಲು ಕೆಂಚಾಗಿತ್ತು. ತೊಟ್ಟಿಲು ಹಾಕಿದ ದಿನ ಬಂದ ನೆಂಟರೆಲ್ಲ ಮಗುವಿನ ಬಣ್ಣವನ್ನು ಹೊಗಳಿದರು. ಅವನ ಅಜ್ಜಿ ದೃಷ್ಟಿಯಾದೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ನಮ್ಮ ಸಮಾಜದಲ್ಲಿ ಬೆಳ್ಳಗಿರುವ ಮಗುವನ್ನು ನೋಡಿ ಯಾರೂ ವೈದ್ಯರ ಬಳಿಗೆ ಓಡುವುದಿಲ್ಲ. ಅವನ ಮೂತ್ರದ ಬಟ್ಟೆಗಳಲ್ಲಿ ಮುಗ್ಗಲು ವಾಸನೆಯಿತ್ತು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಮುಗ್ಗಲಾಗುವುದೂ ಹೊಸದಲ್ಲ. ವರ್ಷ ತುಂಬಿದರೂ ಕೂರಲಿಲ್ಲ, ಎರಡು ವರ್ಷವಾದರೂ ಮಾತು ಬರಲಿಲ್ಲ, ರಾತ್ರಿಯಿಡೀ ಕಿರುಚುತ್ತಿದ್ದ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ, ಆಮೇಲೆ ಫಿಟ್ಸ್ ಬಂತು. ತೋರಿಸಿದಲ್ಲೆಲ್ಲ ಕೆಲವು ಮಕ್ಕಳು ನಿಧಾನ ಎಂಬ ಸಮಾಧಾನ, ಒಂದು ಟಾನಿಕ್, ಹಾಲು ಮೊಟ್ಟೆ ಚೆನ್ನಾಗಿ ಕೊಡಿ ಎಂಬ ಸಲಹೆ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಕಿರಿಯ ವೈದ್ಯೆ ಮಗುವಿನ ಕೂದಲನ್ನು ನೋಡಿ, ತಂದೆತಾಯಿಯ ಕೂದಲನ್ನು ನೋಡಿ, ಮತ್ತೆ ಮಗುವಿನ ಕೂದಲನ್ನು ಕೈಯಲ್ಲಿ ಹಿಡಿದು ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ 1ರಿಂದ 2 ಮಿಲಿಗ್ರಾಂ ಇರಬೇಕಾದ ಫೀನೈಲಲನೀನ್ ಅವನಲ್ಲಿ 27 ಮಿಲಿಗ್ರಾಂ ಇತ್ತು.

ಹೆಸರು ತಿಳಿದ ಮೇಲೆ ಮನೆಗಳಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆ, ಇದು ಯಾರ ಕಡೆಯಿಂದ ಬಂತು ಎಂಬುದು. ನನ್ನ ಸೊಸೆ ನನ್ನ ತಂಗಿಯ ಮಗಳೇ ಆದ್ದರಿಂದ ಆ ಜಗಳಕ್ಕೆ ನಮ್ಮಲ್ಲಿ ಎಡೆಯೇ ಇರಲಿಲ್ಲ. ಆದರೂ ಹೇಳಬೇಕಾದದ್ದಿದೆ. ಸೋದರಿಕೆಯ ಮದುವೆಯಲ್ಲಿ ಒಂದೇ ಅಜ್ಜ ಅಜ್ಜಿಯಿಂದ ಇಳಿದುಬಂದ ಕೆಟ್ಟ ಪ್ರತಿ ಎರಡೂ ಕಡೆ ಇರುವ ಸಂಭವ ಹೆಚ್ಚು, ಇದು ನಿಜ. ಹೊರಗಿನ ಸಂಬಂಧ ತಂದ ಮನೆಗಳಲ್ಲೂ ಈ ಕಾಯಿಲೆ ಹುಟ್ಟುತ್ತದೆ, ಇದೂ ನಿಜ. ಎರಡೂ ಕಡೆ ಒಂದೊಂದು ಕೆಟ್ಟ ಪ್ರತಿಯಿದ್ದರೆ ಪ್ರತಿಯೊಂದು ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಮೊದಲನೆಯ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ಅದು ಕಡಿಮೆಯಾಗುವುದಿಲ್ಲ. ಬೇನೆ ಹಡೆದವಳ ತಪ್ಪಲ್ಲ ಎಂಬ ಮಾತನ್ನು ವೈದ್ಯರು ಹೇಳುವುದಕ್ಕಿಂತ ಮನೆಯ ಹಿರಿಯರು, ಅದರಲ್ಲೂ ಗಂಡಿನ ಕಡೆಯ ಹಿರಿಯರು, ನಾಲ್ಕು ಜನರೆದುರು ಗಟ್ಟಿಯಾಗಿ ಹೇಳಿದರೆ ಆ ಹೆಣ್ಣುಮಗಳು ಮುಂದಿನ ಕೆಲಸಕ್ಕೆ ಕೈಹಾಕುವ ಶಕ್ತಿ ಪಡೆಯುತ್ತಾಳೆ. ಕೆಲಸವಂತೂ ಬೆಟ್ಟದಷ್ಟಿದೆ.

ಆ ದಿನಗಳಲ್ಲಿ ನಾನು ಈ ಕಾಯಿಲೆಯ ಚರಿತ್ರೆಯನ್ನು ಓದತೊಡಗಿದೆ. ಮೇಷ್ಟ್ರುಗಳ ಚಟ ಅದು. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು: ಈ ಕಾಯಿಲೆಯಲ್ಲಿ ಮುಂದಿಟ್ಟ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಯಾವುದೋ ಮನೆಯವರ ಹಟ ಇದೆ.

ನಾರ್ವೆ ದೇಶದ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಲಿವ್ ಎಂಬ ಮಗಳು, ಡಾಗ್ ಎಂಬ ಮಗ. ಇಬ್ಬರ ಬುದ್ಧಿಯೂ ಬೆಳೆಯಲಿಲ್ಲ, ಇಬ್ಬರ ಮೈಯಿಂದಲೂ ಒಂದು ಬಗೆಯ ಮುಗ್ಗಲು ವಾಸನೆ. ಎಷ್ಟೋ ವೈದ್ಯರಿಗೆ ತೋರಿಸಿದರೂ ಆ ವಾಸನೆಗೂ ಮಕ್ಕಳ ಸ್ಥಿತಿಗೂ ಏನು ಸಂಬಂಧ ಎಂದು ಆಕೆ ಕೇಳುವುದನ್ನು ಬಿಡಲಿಲ್ಲ. 1934ರಲ್ಲಿ ಓಸ್ಲೋದ ಅಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ, ರಸಾಯನಶಾಸ್ತ್ರವನ್ನೂ ಕಲಿತವರು, ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡಿನ ಹನಿಗಳನ್ನು ಹಾಕಿದಾಗ ಕೆಂಗಂದು ಬಣ್ಣದ ಬದಲು ಕಡು ಹಸಿರು ಬಂತು. ಔಷಧಿಗಳಿಂದ ಹಾಗಾಗಿರಬಹುದೆಂದು ಎಲ್ಲ ಔಷಧಿ ನಿಲ್ಲಿಸಿ ಮತ್ತೆ ತರಲು ಹೇಳಿದರು, ತಾಯಿ ತಂದರು, ಮತ್ತೆ ಹಸಿರು. ಆ ಹಸಿರಿಗೆ ಕಾರಣವಾದ ವಸ್ತುವನ್ನು ಬೇರ್ಪಡಿಸಲು ಲೀಟರುಗಟ್ಟಲೆ ಮೂತ್ರ ಬೇಕಾಯಿತು. ಅಷ್ಟನ್ನೂ ಆ ತಾಯಿ ಸಂಗ್ರಹಿಸಿ ಒದಗಿಸಿದರು. ಆ ವಸ್ತು ಫೀನೈಲ್‌ಪೈರೂವಿಕ್ ಆಮ್ಲ ಎಂದು ಗೊತ್ತಾದ ಮೇಲೆ ಫೋಲಿಂಗ್ ಬುದ್ಧಿಮಾಂದ್ಯರ ಸಂಸ್ಥೆಗಳಲ್ಲಿದ್ದ 430 ಜನರನ್ನು ಪರೀಕ್ಷಿಸಿ ಇನ್ನೂ ಎಂಟು ಜನರಲ್ಲಿ ಇದೇ ದೋಷವನ್ನು ಕಂಡರು. ಲಿವ್ ಮತ್ತು ಡಾಗ್‌ಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ. ಆಗ ಚಿಕಿತ್ಸೆಯೇ ಇರಲಿಲ್ಲ.

ಚಿಕಿತ್ಸೆ ಬಂದದ್ದು ಇನ್ನೊಬ್ಬ ತಾಯಿಯ ಕಾಟದಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಎಂಬ ಜರ್ಮನ್ ವೈದ್ಯರು ಷೀಲಾ ಜೋನ್ಸ್ ಎಂಬ ಪುಟ್ಟ ಹುಡುಗಿಗೆ ಪಿ.ಕೆ.ಯು. ಇದೆಯೆಂದು ಪತ್ತೆ ಹಚ್ಚಿ, ಪರೀಕ್ಷೆಯ ಕಾಗದವನ್ನು ಹೆಮ್ಮೆಯಿಂದ ತಾಯಿಗೆ ತೋರಿಸಿದರು. ಆಕೆಗೆ ಕಾಗದದಲ್ಲಿ ಆಸಕ್ತಿಯಿರಲಿಲ್ಲ; ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದರೆ ಆಕೆ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಪ್ರಯೋಗಾಲಯದ ಮುಂದೆ ಬಂದು ನಿಂತರು. ಬಿಕೆಲ್ ತಮ್ಮ ಸಹೋದ್ಯೋಗಿಗಳಾದ ಜಾನ್ ಜೆರಾರ್ಡ್, ಈವ್ಲಿನ್ ಹಿಕ್‌ಮನ್ಸ್ ಅವರೊಡನೆ, ಲಂಡನ್ನಿನ ಲೂಯಿ ವೂಲ್ಫ್ ಕೊಟ್ಟ ಸಲಹೆಯಂತೆ, ಹಾಲಿನ ಪ್ರೋಟೀನನ್ನು ಒಡೆದು ಇದ್ದಿಲಿನ ಮೂಲಕ ಸೋಸಿ ಫೀನೈಲಲನೀನನ್ನು ತೆಗೆದುಹಾಕಿದ ಆಹಾರವನ್ನು ತಯಾರಿಸಿದರು. ಅದನ್ನು ಕೊಡುತ್ತಾ ಬಂದಂತೆ ಷೀಲಾಳ ಅಳು ನಿಂತಿತು, ತೆವಳಿದಳು, ಹಿಡಿದುಕೊಂಡು ನಿಂತಳು, ಕೂದಲು ಕಪ್ಪಾಗತೊಡಗಿತು. ಆಹಾರಕ್ಕೆ ಫೀನೈಲಲನೀನನ್ನು ಮತ್ತೆ ಸೇರಿಸಿದಾಗ ಮಗು ಕೂಡಲೇ ಹಿಂದಕ್ಕೆ ಜಾರಿತು. 1953ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರಿದ್ದಾರೆ, ಮುಂದಿನದನ್ನೂ ಹೇಳುವುದು ನ್ಯಾಯ. ತಾಯಿಯ ಮನಸ್ಸಿನ ಆರೋಗ್ಯ ಕೆಟ್ಟಿತು, ಪಥ್ಯ ಮುಂದುವರಿಯಲಿಲ್ಲ, ಷೀಲಾ ಸಂಸ್ಥೆಯೊಂದರಲ್ಲಿ ಬೆಳೆಯಬೇಕಾಯಿತು. ಮನೆಯ ಒಬ್ಬಳೇ ಹೆಣ್ಣುಮಗಳ ಹೆಗಲ ಮೇಲೆ ಇಷ್ಟು ಭಾರ ಹೊರಿಸಿದರೆ ಹೀಗೂ ಆದೀತು ಎಂಬುದನ್ನು ಇಲ್ಲಿ ಕುಳಿತಿರುವ ತಂದೆಯರು, ಅಜ್ಜಂದಿರು ನೆನಪಿಡಬೇಕೆಂದು ಇದನ್ನು ಹೇಳಿದೆ. ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ನನ್ನದು, ರಕ್ತ ತೆಗೆಯುವುದು ಮಗನದು, ಅಡುಗೆ ಅತ್ತೆ ಸೊಸೆಯರದು ಎಂದು ಪಾಲು ಮಾಡಿಕೊಂಡದ್ದು ಷೀಲಾಳ ತಾಯಿಯ ವಿಷಯ ಓದಿದ ಮೇಲೆ.

ಮೂರನೆಯವರು ರಾಬರ್ಟ್ ಗತ್ರಿ. ಅಮೆರಿಕದ ಬಫಲೋ ನಗರದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಯಾಗಿ ಕ್ಯಾನ್ಸರ್ ಸಂಶೋಧನೆಯಲ್ಲಿದ್ದ ಅವರ ಒಬ್ಬ ಮಗನಿಗೆ ಬುದ್ಧಿಮಾಂದ್ಯವಿತ್ತು. ಆಮೇಲೆ ಅವರ ಹೆಂಡತಿಯ ತಂಗಿಯ ಮಗುವಿಗೆ ಪಿ.ಕೆ.ಯು. ಇರುವುದು ಗೊತ್ತಾಯಿತು, ಅದೂ ವರ್ಷ ದಾಟಿದ ಮೇಲೆ, ಹಾನಿಯಾದ ಮೇಲೆ. ಪಥ್ಯವೇನೋ ಇದೆ, ಆದರೆ ಹೊತ್ತಿಗೆ ಸರಿಯಾಗಿ ಪತ್ತೆ ಹಚ್ಚುವ ದಾರಿಯಿಲ್ಲ ಎಂಬ ಸಂಕಟದಿಂದ ಅವರು ಒಂದು ಸರಳ ಪರೀಕ್ಷೆಯನ್ನು ಕಂಡುಹಿಡಿದರು: ಎಳೆಗೂಸಿನ ಹಿಮ್ಮಡಿಯನ್ನು ಚುಚ್ಚಿ ಕೆಲವು ಹನಿ ರಕ್ತವನ್ನು ಸೋಸುಕಾಗದಕ್ಕೆ ಇಳಿಸಿ, ಒಣಗಿಸಿ, ಅಂಚೆಯಲ್ಲಿ ಕಳಿಸಿದರೆ ಸಾಕು. 29 ರಾಜ್ಯಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಹೀಗೆ ಪರೀಕ್ಷಿಸಿದಾಗ 39 ಮಕ್ಕಳು ಸಿಕ್ಕರು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನು ಕಾನೂನಾಗಿಸಿತು. ಇಂದು ಜಗತ್ತಿನ ಎಷ್ಟೋ ದೇಶಗಳಲ್ಲಿ ಹುಟ್ಟುವ ಮಗು ಈ ಚುಚ್ಚು ತಿನ್ನದೆ ಆಸ್ಪತ್ರೆಯಿಂದ ಹೊರಗೆ ಹೋಗುವುದಿಲ್ಲ.

ಈಗ ನಮ್ಮ ಮನೆಗೆ ಬರುತ್ತೇನೆ. ಹುಡುಗನಿಗೆ ಪಥ್ಯ ಆರಂಭಿಸುವ ಮುನ್ನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: ಆಗಿಹೋದ ಹಾನಿಯನ್ನು ಸರಿಪಡಿಸಲಾಗದು, ಆಗಲಿರುವ ಹಾನಿಯನ್ನು ತಡೆಯಬಹುದು, ನಡವಳಿಕೆ ಸುಧಾರಿಸಬಹುದು. ಮೊದಲ ದಿನಗಳು ಯುದ್ಧದಂತೆಯೇ ಇದ್ದವು. ಹಾಲು ಮೊಸರಿಗೆ ಒಗ್ಗಿದ ಮೂರು ವರ್ಷದ ಹುಡುಗ. ಕೊಡಬೇಕಾದದ್ದು ಫೀನೈಲಲನೀನ್ ಇಲ್ಲದ, ಕಹಿಯೂ ಕಮಟೂ ಆದ ಒಂದು ಪುಡಿಯನ್ನು ನೀರಿನಲ್ಲಿ ಕದಡಿದ್ದು. ಅವನು ಉಗಿದ, ಲೋಟ ಎಸೆದ. ಆದರೆ ಕೆಲವು ವಾರಗಳಲ್ಲಿ ರಾತ್ರಿಯ ಕಿರುಚಾಟ ಕಡಿಮೆಯಾಗಿ, ಮನೆಯಲ್ಲಿ ಎಲ್ಲರೂ ಬೆಳಗಿನವರೆಗೆ ಮಲಗಿದೆವು. ಅನಂತರ ತಲೆ ಚಚ್ಚಿಕೊಳ್ಳುವುದು ನಿಂತಿತು, ಫಿಟ್ಸ್ ಹಿಡಿತಕ್ಕೆ ಬಂತು, ಕರೆದರೆ ತಿರುಗಿ ನೋಡತೊಡಗಿದ. ಒಂದು ದಿನ ಅಜ್ಜಿ ಅವನ ತಲೆಗೆ ಎಣ್ಣೆ ಹಚ್ಚುತ್ತಾ ಬೈತಲೆಯನ್ನು ಬಿಡಿಸಿ ನನ್ನನ್ನು ಕರೆದಳು. ಕೆಂಚು ಕೂದಲಿನ ಬುಡದಲ್ಲಿ ಎರಡು ಅಕ್ಕಿಕಾಳಿನಷ್ಟು ಉದ್ದ ಕಪ್ಪು ಬೆಳೆದಿತ್ತು. ಷೀಲಾಳ ಕೂದಲಿನ ಸಂಗತಿ ನನಗೆ ಓದಿ ಗೊತ್ತಿತ್ತು; ಅವಳಿಗೆ ಗೊತ್ತಿರಲಿಲ್ಲ. ರಕ್ತದ ವರದಿ ಬರುವುದಕ್ಕೆ ಮೊದಲೇ ಅವಳು ಅದನ್ನು ಎಣ್ಣೆಯ ಕೈಯಲ್ಲಿ ಓದಿದ್ದಳು.

ಅವನಿಂದ ನಾವು ಏನನ್ನು ನಿರೀಕ್ಷಿಸಬಹುದು ಎಂಬುದು ಅಲ್ಲಿಂದ ಮುಂದೆ ಬೇರೆಯಾಯಿತು. ಅವನು ಎಲ್ಲರಂತೆ ಆಗುತ್ತಾನೆಯೇ ಎಂದು ಕೇಳುವುದನ್ನು ಬಿಟ್ಟೆವು. ಈ ವರ್ಷ ಚಮಚ ಹಿಡಿಯಬಲ್ಲನೇ, ಮುಂದಿನ ವರ್ಷ ಬಚ್ಚಲಿಗೆ ತಾನೇ ಹೋಗಬಲ್ಲನೇ ಎಂಬಂಥ, ಉತ್ತರ ಸಿಗುವ ಪ್ರಶ್ನೆಗಳನ್ನು ಕೇಳತೊಡಗಿದೆವು. ಹೆಚ್ಚಿನವಕ್ಕೆ ಹೌದು ಎಂಬ ಉತ್ತರ ಬಂದಿದೆ, ಕೆಲವಕ್ಕೆ ಬಂದಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುವುದರಲ್ಲಿ ಅವನು ನನಗಿಂತ ಚುರುಕು. ಇದನ್ನು ಸಾಧನೆ ಎಂದು ಕರೆದು ನಿಮ್ಮಿಂದ ಚಪ್ಪಾಳೆ ಪಡೆಯುವ ಇರಾದೆ ನನಗಿಲ್ಲ. ಮೂರು ವರ್ಷ ಮೊದಲು ಗೊತ್ತಾಗಿದ್ದರೆ ಅವನು ಈಗ ಹೈಸ್ಕೂಲಿನ ಹೊಸ್ತಿಲಲ್ಲಿರುತ್ತಿದ್ದ.

ಎರಡನೆಯ ಬಸಿರಿನಲ್ಲಿ, ಗರ್ಭದಲ್ಲಿಯೇ ಪರೀಕ್ಷೆ ಮಾಡಿಸಬಹುದೆಂದು ವೈದ್ಯರು ಹೇಳಿದ್ದರು; ಮಗ ಸೊಸೆ ಬೇಡವೆಂದರು. ಅದು ಅವರಿಬ್ಬರ ನಿರ್ಧಾರ, ಅದರ ಬಗ್ಗೆ ವಾದ ಮಾಡಲು ನಾನು ಯಾರೂ ಅಲ್ಲ. ಮಗು ಹುಟ್ಟಿ ಮೂರನೆಯ ದಿನ ಹಿಮ್ಮಡಿಯ ರಕ್ತ ಹೋಯಿತು, ವಾರದೊಳಗೆ ಉತ್ತರ ಬಂತು, ಅಂದಿನಿಂದಲೇ ಪಥ್ಯ. ಎದೆಹಾಲನ್ನು ಬಿಡಿಸಬೇಕಾಗಿರಲಿಲ್ಲ, ಇದು ಅನೇಕರಿಗೆ ಗೊತ್ತಿಲ್ಲದ ಸಂಗತಿ. ಹಸುವಿನ ಹಾಲಿಗೆ ಹೋಲಿಸಿದರೆ ತಾಯಿಯ ಹಾಲಿನಲ್ಲಿ ಫೀನೈಲಲನೀನ್ ಕಡಿಮೆ. ಮೊದಲು ಫೀನೈಲಲನೀನ್ ಇಲ್ಲದ ಪುಡಿಯ ಹಾಲನ್ನು ಅಳತೆಯಂತೆ ಕುಡಿಸಿ, ಉಳಿದ ಹಸಿವಿಗೆ ಎದೆಹಾಲು ಕೊಡುವ ಕ್ರಮವನ್ನು ಹೇಳಿಕೊಟ್ಟರು.

ಪಥ್ಯ ಎಂದರೆ ಏನೆಂದು ಅಂಕಿಯಲ್ಲಿ ಹೇಳಿದರೆ ನಿಮಗೆ ತಿಳಿಯುತ್ತದೆ. ಒಂದು ಗ್ರಾಂ ಪ್ರೋಟೀನಿನಲ್ಲಿ ಸುಮಾರು 50 ಮಿಲಿಗ್ರಾಂ ಫೀನೈಲಲನೀನ್ ಇರುತ್ತದೆ. ನಮ್ಮ ಹುಡುಗಿಯ ದೇಹ ತಡೆಯಬಲ್ಲದ್ದು ದಿನಕ್ಕೆ 300 ಮಿಲಿಗ್ರಾಂ. ಒಂದು ಲೋಟ ಹಾಲು ಕುಡಿದರೆ ಆ ದಿನದ ಪಾಲು ಮುಗಿಯಿತು. ಒಂದು ಸಾಧಾರಣ ರಾಗಿಮುದ್ದೆಯಲ್ಲಿ ಮುಗಿಯಿತು. ಒಂದು ಹಿಡಿ ತೊಗರಿಬೇಳೆಯಲ್ಲಿ ಮುಗಿಯಿತು. ಬೆಳೆಯಲು ಬೇಕಾದ ಉಳಿದ ಅಮೈನೊ ಆಮ್ಲಗಳೆಲ್ಲ ಆ ಪುಡಿಯಿಂದಲೇ ಬರಬೇಕು, ಹೊಟ್ಟೆ ತುಂಬುವುದು ಪ್ರೋಟೀನ್ ಇಲ್ಲದ ಪದಾರ್ಥಗಳಿಂದ. ಇಲ್ಲಿ ನಮ್ಮ ಮಲೆನಾಡು ಕೈಹಿಡಿಯಿತು. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಕೂವೆಹಿಟ್ಟಿನಲ್ಲೂ ಹಾಗೆಯೇ. ವ್ರತದ ದಿನದ ಸಬ್ಬಕ್ಕಿ ಉಪ್ಪಿಟ್ಟು ಶೇಂಗಾ ಇಲ್ಲದೆ ನಿತ್ಯದ ತಿಂಡಿಯಾಯಿತು. ಹೊಟ್ಟೆ ಕೆಟ್ಟವರಿಗೆಂದು ಡಬ್ಬಿಯಲ್ಲಿ ಇಟ್ಟಿರುತ್ತಿದ್ದ ಕೂವೆಹಿಟ್ಟು, ಹಾಲಿನ ಬದಲು ನೀರಿನಲ್ಲಿ, ಬೆಲ್ಲ ತುಪ್ಪ ಏಲಕ್ಕಿ ಬಿದ್ದು ಮಣ್ಣಿಯಾಯಿತು. ಬೂದುಗುಂಬಳ, ಸೋರೆ, ಸೀಮೆಬದನೆ ಧಾರಾಳವಾಗಿ. ಅನ್ನ, ಆಲೂಗೆಡ್ಡೆ, ಬಾಳೆಹಣ್ಣು ತೂಗಿ. ತಂಬುಳಿ ಇಲ್ಲ, ಅಪ್ಪೆಹುಳಿ ಉಂಟು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ಪುಟ್ಟ ತಕ್ಕಡಿ, ಪಕ್ಕದಲ್ಲಿ ಅಡಿಕೆ ವ್ಯಾಪಾರದ ಉದ್ದನೆಯ ಲೆಕ್ಕದ ಪುಸ್ತಕ. ಪಾತ್ರೆಯಂಗಡಿಯಲ್ಲಿ ಇಬ್ಬರ ತಟ್ಟೆಗಳ ಮೇಲೂ ಹೆಸರು ಕೊರೆಸಿದ್ದೇವೆ. ಪಂಕ್ತಿಯಲ್ಲಿ ಎಲ್ಲರ ಜತೆಗೇ ಕೂರುತ್ತಾರೆ, ತಟ್ಟೆ ಮಾತ್ರ ತಮ್ಮದು. ಮಕ್ಕಳಿಗೆ ಕಾಣದಂತೆ ಒಳಗೆ ಹೋಗಿ ಮೊಸರನ್ನ ಉಣ್ಣುವ ಕ್ರಮವನ್ನು ನಾವು ಇಟ್ಟುಕೊಳ್ಳಲಿಲ್ಲ. ಜಗತ್ತಿನಲ್ಲಿ ಮೊಸರಿದೆ ಎಂಬುದು ಅವರಿಗೆ ಗೊತ್ತಿರಬೇಕಲ್ಲ.

ಮದುವೆ ಮನೆಗಳಲ್ಲಿ ಹುಡುಗಿ ನನ್ನ ಕಿವಿಯ ಬಳಿ ಬಂದು, "ಅಜ್ಜಾ, ನನ್ನ ಲೆಕ್ಕದಲ್ಲಿ ಇನ್ನೆಷ್ಟಿದೆ?" ಎಂದು ಕೇಳುತ್ತಾಳೆ. ತೊಡೆದೇವು ಬರುವುದಿದ್ದರೆ ಬೆಳಿಗ್ಗೆಯೇ ಅನ್ನವನ್ನು ಕಡಿಮೆ ಉಂಡು ಉಳಿಸಿಕೊಂಡಿರುತ್ತಾಳೆ. ಅಕ್ಕಿಹಿಟ್ಟಿನ ಆ ತೆಳ್ಳನೆಯ ಹಾಳೆ ಒಂದೆರಡು ತಿಂದರೆ ಲೆಕ್ಕ ತಪ್ಪುವುದಿಲ್ಲ.

ಮನೆಯ ಹೊರಗೆ ಕಷ್ಟ ಹೆಚ್ಚು. ಸಭೆಯಲ್ಲಿ ಅಂಗನವಾಡಿಯ ತಾಯಂದಿರು ಬಹಳ ಮಂದಿ ಇದ್ದೀರಿ, ಆದ್ದರಿಂದ ಇದನ್ನು ವಿಶೇಷವಾಗಿ ಹೇಳುತ್ತೇನೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಒಳ್ಳೆಯ ಯೋಜನೆ. ಸಾವಿರಾರು ಮಕ್ಕಳಿಗೆ ಅದರಿಂದ ಹಿತವಾಗಿದೆ. ಆದರೆ ನಮ್ಮ ಹುಡುಗಿಗೆ ಆ 150 ಮಿಲಿಲೀಟರ್ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಯಾವುದೂ ಆಗುವುದಿಲ್ಲ. ಪ್ರೀತಿಯಿಂದ ಕೊಡುವ ಕೈಯನ್ನು ತಡೆಯುವುದೇ ಅತ್ಯಂತ ಕಷ್ಟ. ಸ್ವಲ್ಪ ಕುಡಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಕಣ್ಣಿಗೆ ಕಾಣುವ ಉತ್ತರವಿಲ್ಲ, ಏಕೆಂದರೆ ಕುಡಿದ ಕೂಡಲೇ ಮೈಮೇಲೆ ದದ್ದು ಏಳುವುದಿಲ್ಲ, ವಾಂತಿಯಾಗುವುದಿಲ್ಲ. ಹಾನಿಯಾಗುವುದು ಒಳಗೆ, ನಿಧಾನವಾಗಿ. ನಮ್ಮೂರಿನ ಅಂಗನವಾಡಿಯ ಟೀಚರು ವೈದ್ಯರ ಚೀಟಿಯನ್ನು ಗೋಡೆಗೆ ಅಂಟಿಸಿ, ಹಾಲಿನ ಹೊತ್ತಿನಲ್ಲಿ ಅವಳಿಗೆ ಲೋಟ ಹಂಚುವ ಕೆಲಸವನ್ನು ಕೊಟ್ಟರು. ಯಾವ ತರಬೇತಿಯಲ್ಲೂ ಹೇಳಿಕೊಡದ ಜಾಣತನ ಅದು. ಇನ್ನೊಂದು ಎಚ್ಚರಿಕೆ: ಸಕ್ಕರೆಯಿಲ್ಲದ್ದು ಎಂದು ಮಾರುವ ಪಾನೀಯ, ಚೂಯಿಂಗ್ ಗಮ್, ಕೆಲವು ಸಿರಪ್‌ಗಳಲ್ಲಿ ಆಸ್ಪರ್ಟೇಮ್ ಇರುತ್ತದೆ, ಅದು ದೇಹದಲ್ಲಿ ಒಡೆದು ಫೀನೈಲಲನೀನ್ ಆಗುತ್ತದೆ. ಪೊಟ್ಟಣದ ಸಣ್ಣಕ್ಷರವನ್ನು ಓದಿ.

ಪಥ್ಯ ಸರಿಯಾಗಿದೆಯೇ ಎಂದು ತಿಳಿಯುವುದಕ್ಕೆ ಒಂದು ಡೆಸಿಲೀಟರ್ ರಕ್ತದಲ್ಲಿ ಫೀನೈಲಲನೀನ್ 2ರಿಂದ 6 ಮಿಲಿಗ್ರಾಂ ಒಳಗೆ ಇದೆಯೇ ಎಂದು ಆಗಾಗ ನೋಡಬೇಕು. ಗತ್ರಿಯವರ ಕಾಗದವೇ ಇಲ್ಲಿಯೂ. ಮಗ ಬೆರಳು ಚುಚ್ಚಿ ಕಾಗದದ ಮೇಲಿನ ವೃತ್ತಗಳನ್ನು ಒಂದೊಂದಾಗಿ ತುಂಬುತ್ತಾನೆ; ಹನಿ ಹಿಂಬದಿಗೂ ಇಳಿಯಬೇಕು, ಹನಿಯ ಮೇಲೆ ಹನಿ ಬೀಳಬಾರದು. ಆಮೇಲೆ ಬಿಸಿಲು, ಬೆಂಕಿ ತಾಗದಂತೆ ಮಲಗಿಸಿ ಒಣಗಿಸಬೇಕು. ಬೇರೆ ಕಡೆ ಮೂರು ನಾಲ್ಕು ಗಂಟೆಯ ಕೆಲಸವಿದು. ಆಷಾಢದ ಮಳೆಯಲ್ಲಿ, ಹಪ್ಪಳವೇ ಒಣಗದ ನಮ್ಮ ಮನೆಯಲ್ಲಿ, ರಾತ್ರಿಯಿಡೀ ಕಾಯಬೇಕು. ಮುಗ್ಗಲಾದ ಕಾಗದ ಪ್ರಯೋಗಾಲಯದಿಂದ ಹಿಂದಿರುಗುತ್ತದೆ. ಹೊಸ ಚಪ್ಪಲಿ, ಬ್ಯಾಗುಗಳ ಜತೆ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ನೆಂಟರೆಲ್ಲ ನಮಗಾಗಿ ಕೂಡಿಡುತ್ತಾರೆ. ಮುಚ್ಚಳದ ಡಬ್ಬಿಯಲ್ಲಿ ಅವುಗಳ ನಡುವೆ ಒಣಗಿದ ಕಾಗದವನ್ನಿಟ್ಟು ಬೆಂಗಳೂರಿಗೆ ಕಳಿಸುತ್ತೇವೆ.

ಖರ್ಚಿನ ಮಾತನ್ನು ಬಿಡುವಂತಿಲ್ಲ. ಪುಡಿ ಬಹುಮಟ್ಟಿಗೆ ಹೊರದೇಶದಿಂದಲೇ ಬರುತ್ತದೆ. ಇಬ್ಬರ ಪುಡಿಗೆ ನನ್ನ ಪಿಂಚಣಿಯ ದೊಡ್ಡ ಪಾಲು ಹೋಗುತ್ತಿತ್ತು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಪಿ.ಕೆ.ಯು. ಎರಡನೆಯ ಗುಂಪಿನಲ್ಲಿದೆ, ಅಂದರೆ ವಿಶೇಷ ಆಹಾರದಿಂದ ಜೀವನಪೂರ್ತಿ ನಿಭಾಯಿಸಬಹುದಾದ ಕಾಯಿಲೆಗಳ ಸಾಲಿನಲ್ಲಿ. 2022ರಿಂದ ಯಾವುದೇ ಗುಂಪಿನ ರೋಗಿಗೆ ಉತ್ಕೃಷ್ಟತಾ ಕೇಂದ್ರಗಳ, ಅಂದರೆ ಈ ಕಾಯಿಲೆಗಳಿಗೆಂದು ಸರ್ಕಾರ ಗುರುತಿಸಿದ ಸಂಸ್ಥೆಗಳ, ಮೂಲಕ 50 ಲಕ್ಷ ರೂಪಾಯಿಯವರೆಗೆ ನೆರವು ಸಿಗುವ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥ ಕೇಂದ್ರವಾಗಿವೆ. 2023ರ ಏಪ್ರಿಲ್ 1ರಿಂದ, ಈ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧಿ ಮತ್ತು ವಿಶೇಷ ವೈದ್ಯಕೀಯ ಆಹಾರಕ್ಕೆ ಆಮದು ಸುಂಕವಿಲ್ಲ. ಜಿಲ್ಲಾ ವೈದ್ಯಾಧಿಕಾರಿಗಳ ದೃಢೀಕರಣ ಪತ್ರ ಬೇಕು. ಕಾಗದಪತ್ರಕ್ಕೆ ಅಲೆದಾಟವಿದೆ, ಇಲ್ಲವೆನ್ನುವುದಿಲ್ಲ. ಅಲೆದವರು ದಾರಿ ಹೇಳಿಕೊಟ್ಟರೆ ಹಿಂದೆ ಬರುವವರಿಗೆ ಅರ್ಧ ಅಲೆದಾಟ ತಪ್ಪುತ್ತದೆ.

ಹುಡುಗಿ ದೊಡ್ಡವಳಾದ ಮೇಲಿನ ಮಾತೂ ಇದೆ. ಪಥ್ಯವನ್ನು ಬಿಡುವಂತಿಲ್ಲ, ಮುಂದೆ ಅವಳು ಬಸಿರಾಗುವುದಾದರೆ ಅದಕ್ಕೂ ಮೊದಲೇ ರಕ್ತದ ಮಟ್ಟವನ್ನು ಬಿಗಿಯಾಗಿ ಇಡಬೇಕು, ಇಲ್ಲವಾದರೆ ಹೊಟ್ಟೆಯ ಮಗುವಿಗೆ ಕಾಯಿಲೆಯಿಲ್ಲದಿದ್ದರೂ ಅದರ ಮಿದುಳು, ಹೃದಯಗಳಿಗೆ ಏಟು ಬೀಳುತ್ತದೆ. ಔಷಧಿಗಳೂ ಬರುತ್ತಿವೆ: ಅಮೆರಿಕದಲ್ಲಿ 2007ರಲ್ಲಿ ಸಾಪ್ರೊಟೆರಿನ್, 2018ರಲ್ಲಿ ವಯಸ್ಕರಿಗೆ ಪೆಗ್‌ವಾಲಿಯೇಸ್ ಎಂಬ ಚುಚ್ಚುಮದ್ದು ಮಂಜೂರಾದವು. ಮೊದಲನೆಯದು ಎಲ್ಲರಿಗೂ ಫಲ ಕೊಡುವುದಿಲ್ಲ, ನಮ್ಮ ಮಕ್ಕಳಿಗೆ ಕೊಡಲಿಲ್ಲ. ನಾನು ಅವುಗಳ ದಾರಿ ಕಾಯುತ್ತಾ ಕೂತಿಲ್ಲ, ಬಂದಾಗ ನೋಡೋಣ.

ನಾನು ಕಾಯುತ್ತಿರುವುದು ಬೇರೆಯದಕ್ಕೆ. ಭಾರತದಲ್ಲಿ ನವಜಾತ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವ ಕೆಲಸ ಮೊದಲು ಆರಂಭವಾದದ್ದು ನಮ್ಮ ಕರ್ನಾಟಕದಲ್ಲಿ, 1980ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್, ಡಾ. ಎ. ರಾಧಾ ರಮಾದೇವಿ ಮತ್ತು ಸಂಗಡಿಗರು ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಪರೀಕ್ಷಿಸಿದರು; ಅದೇ ಕೆಲಸದಿಂದ, ಆ ಕಾಲದಲ್ಲಿ ಇಲ್ಲಿ ಮೂರು ಮದುವೆಗಳಲ್ಲಿ ಸುಮಾರು ಒಂದು ಸೋದರಿಕೆಯದು ಎಂಬುದೂ ದಾಖಲಾಯಿತು. ನನ್ನ ಮೊಮ್ಮಗ ಹುಟ್ಟಿದ್ದು ಅದಾದ ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಅದೇ ರಾಜ್ಯದಲ್ಲಿ, ಆಸ್ಪತ್ರೆಯಲ್ಲಿಯೇ. ಯಾರೂ ಅವನ ಹಿಮ್ಮಡಿಯನ್ನು ಚುಚ್ಚಲಿಲ್ಲ. ನೆರೆಯ ಗೋವಾ 2008ರಲ್ಲಿಯೇ ಎಲ್ಲ ಶಿಶುಗಳ ಪರೀಕ್ಷೆಗೆ ಕೈಹಾಕಿತು, ಕೇರಳವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಆರಂಭಿಸಿತು. ದಾರಿ ತೋರಿಸಿದ ರಾಜ್ಯದಲ್ಲಿ ಇದು ಇಂದಿಗೂ ಹಣವಿದ್ದವರ ಆಸ್ಪತ್ರೆಯ ಐಚ್ಛಿಕ ಸೇವೆಯಾಗಿ ಉಳಿಯುವುದು ಸರಿಯಲ್ಲವೆಂದು ನಾನು ಶಾಸಕರಿಗೂ ಅಧಿಕಾರಿಗಳಿಗೂ ಬರೆಯುತ್ತಿರುತ್ತೇನೆ. ಬೋರ್ಗ್ನಿ ಎಗೆಲಾಂಡ್ ಮತ್ತು ಷೀಲಾಳ ತಾಯಿ ಮಾಡಿದ್ದಕ್ಕೆ ಹೋಲಿಸಿದರೆ ಪತ್ರ ಬರೆಯುವುದು ಏನೂ ಅಲ್ಲ.

ಆಶಾ ಕಾರ್ಯಕರ್ತೆಯರಲ್ಲಿ ಒಂದು ಕೋರಿಕೆ. ಹೆರಿಗೆಗೆ ಕರೆದುಕೊಂಡು ಹೋದಾಗ, ಮಗು ಹುಟ್ಟಿ ಎರಡು ಮೂರು ದಿನದೊಳಗೆ ಹಿಮ್ಮಡಿಯ ರಕ್ತ ಪರೀಕ್ಷೆ ಮಾಡುತ್ತೀರಾ, ಎಲ್ಲಿ ಮಾಡಿಸಬಹುದು ಎಂದು ಕೇಳಿ. ಹಿಂದೆ ಮಗು ಕಾರಣ ತಿಳಿಯದೆ ತೀರಿಕೊಂಡಿರುವ, ಅಥವಾ ಬುದ್ಧಿ ಬೆಳೆಯದ ಮಗುವಿರುವ ಮನೆಯಾದರೆ ಬಿಡದೆ ಕೇಳಿ. ಅಜ್ಜಿ ಬರೆದಿಟ್ಟ ಅಡುಗೆಗಳು, ಪ್ರತಿಯೊಂದಕ್ಕೂ ಗ್ರಾಮಿನ ಲೆಕ್ಕ ಸೇರಿಸಿ, ನೆರಳಚ್ಚಾಗಿ ಹಿಂದಿನ ಮೇಜಿನ ಮೇಲಿವೆ. ಸುಂಕ ವಿನಾಯಿತಿಯ ಅರ್ಜಿಯ ಮಾದರಿಯೂ ಅದರ ಜತೆಗಿದೆ. ಬೇಕಾದವರು ತೆಗೆದುಕೊಂಡು ಹೋಗಿ. ಊಟದ ಬಿಡುವಿನಲ್ಲಿ ನಾನು ಅಲ್ಲಿಯೇ ಇರುತ್ತೇನೆ, ರಕ್ತದ ಕಾಗದ ತುಂಬುವ ಬಗೆಯನ್ನು ನನ್ನ ಮಗ ತೋರಿಸುತ್ತಾನೆ.